ವಸ್ತು ಸಂಖ್ಯೆ ಒಂದು

ದಾಖಲೆ ಪುಸ್ತಕದ ಮೊದಲ ಸಾಲು, ಶಾಯಿ ಕಂದಾಗಿದೆ:
'ದೈತ್ಯ ಚಿಪ್ಪು, ಒಂದು. ತೆತ್ತ ಬೆಲೆ: ತಗಡಿನ ತೊಟ್ಟಿ, ಒಂದು.'
ಲಾ ತೊರ್ಕಾಸಾ ಊರಿನ ಮ್ಯೂಸಿಯಂ ಹುಟ್ಟಿದ್ದು ಹೀಗೆ,
ಚೌಕಾಸಿಯಲ್ಲಿ.

ಈ ಪಂಪಾ ಬಯಲಲ್ಲಿ ಗುಡ್ಡವಿಲ್ಲ, ಕಲ್ಲೂ ಅಪರೂಪ.
ಅಗೆದರೆ ಮಣ್ಣು, ಮಣ್ಣಿನ ಕೆಳಗೆ ಮಣ್ಣು.
ಹಾಗಾಗಿ ಸಿಗ್ನಲ್‌ಮನ್ ಎಲೆಉತೇರಿಯೊ
ಬಾವಿ ತೋಡುವಾಗ ಗುದ್ದಲಿ ಠಣ್ ಎಂದದ್ದೇ
ಇಂಗ್ಲಿಷ್ ಕಂಪನಿಯ ಪೈಪು ಒಡೆದೆ,
ಕೆಲಸ ಹೋಯಿತು ಎಂದುಕೊಂಡನಂತೆ.

ಸಿಕ್ಕಿದ್ದು ಒಂದು ಗುಮ್ಮಟ,
ಹೂವಿನಂಥ ಬಿಲ್ಲೆಗಳನ್ನು ಒಂದಕ್ಕೊಂದು ಬೆಸೆದದ್ದು.
ಹೆಂಡತಿ ರಮೋನಾ ಅದನ್ನು ಅಂಗಾತ ಮಾಡಿಸಿ ನೀರು ತುಂಬಿದಳು.
ಹನ್ನೊಂದು ವರ್ಷ ಅದರಲ್ಲಿ ಕೋಳಿ ಕುಡಿದವು,
ಕುದುರೆ ಕುಡಿಯಿತು,
ಶನಿವಾರ ಶನಿವಾರ ಎರಡು ಮಕ್ಕಳು
ಅತ್ತುಕೊಂಡು ಮಿಂದವು.

ಔಷಧಿ ಅಂಗಡಿಯ ಬೆಲ್ಲಾಂದಿ
ಜ್ವರದ ಪುಡಿ ಕೊಡಲು ಬಂದವನು ಪುಡಿ ಮರೆತ.
ಟೋಪಿ ತೆಗೆದು ಮಂಡಿಯೂರಿದ.
"ಅಮ್ಮಾ, ಇದು ತೊಟ್ಟಿಯಲ್ಲ, ಪ್ರಾಣಿ.
ಈ ಊರಿಗಿಂತ, ಈ ಊರಿನ ದೇವರಿಗಿಂತ ಮೊದಲು
ಇಲ್ಲೇ ಹುಲ್ಲು ಮೇಯುತ್ತಿತ್ತು."
ರಮೋನಾ ಸೋಪು ಹಚ್ಚುವುದನ್ನು ನಿಲ್ಲಿಸಲಿಲ್ಲ.
"ಇರಬಹುದು. ಒಯ್ಯಿರಿ. ಆದರೆ ಮುಂದಿನ ಶನಿವಾರವೂ
ಮಕ್ಕಳಿಗೆ ಮೈಯಿರುತ್ತದೆ."

ಸ್ಟೇಷನ್ನಿನ ಹಿಂದೆ ಗೋಧಿ ಉಗ್ರಾಣ ಖಾಲಿಯಿತ್ತು.
ಚಿಪ್ಪಿನ ಪಕ್ಕಕ್ಕೆ ಹುಲ್ಲು ತುಂಬಿದ ಗೂಬೆ ಬಂತು,
ಉಲ್ಕೆಯೊಂದು ಬಂತು
(ತೊಳೆದು ನೋಡಿದರೆ ನೇಗಿಲ ಕುಳದ ತುಂಡು),
ಎರಡು ತಲೆಯ ಕರು ಬಂತು.
ಬೆಲ್ಲಾಂದಿ ಆ ಕರುವನ್ನು ಕೊನೆಯವರೆಗೂ ಕ್ಷಮಿಸಲಿಲ್ಲ,
ಜನ ಮಾತ್ರ ಅದಕ್ಕೆಂದೇ ಗಾಡಿ ಕಟ್ಟಿಕೊಂಡು ಬಂದರು.
ಸೂಕ್ಷ್ಮದರ್ಶಕ ಕೊಂಡದ್ದು ಅವರ ಕಾಸಿನಿಂದ.

ಕೈಯಲ್ಲಿ ತಿರುಗಿಸುವ ಮಿಂಚಿನ ಯಂತ್ರವೂ ಇತ್ತು:
ಮಕ್ಕಳು ಕೈಕೈ ಹಿಡಿದು ಸಾಲಾಗಿ ನಿಲ್ಲಬೇಕು,
ಮೊದಲನೆಯವಳು ಗುಂಡು ಮುಟ್ಟಿದರೆ
ಕೊನೆಯವನು ಕಿರುಚಬೇಕು.
ನನ್ನ ಅಪ್ಪ ಅಮ್ಮ ಮೊದಲ ಸಲ ಕೈ ಹಿಡಿದದ್ದು ಆ ಸಾಲಿನಲ್ಲಿ.
ಬರೀ ಕರೆಂಟು ಅದು, ಅನ್ನುತ್ತಾಳೆ ಅಮ್ಮ,
ಈಗಲೂ.

ಆಮೇಲೆ ನೆರೆ.
ನಲವತ್ತು ದಿನ ನೀರು ಒಳಗೇ ನಿಂತಿತು.
ಗೂಬೆಯ ಹೊಟ್ಟೆಯ ಹುಲ್ಲು ಕೊಳೆಯಿತು,
ಲೇಬಲುಗಳ ಶಾಯಿ ಕದಡಿ
ಎಲ್ಲಕ್ಕೂ ಒಂದೇ ಹೆಸರಾಯಿತು.
ನೀರಿಳಿದ ಮೇಲೂ
ದುರಸ್ತಿಗೆಂದು ಮಗುಚಿಟ್ಟಿದ್ದ ಚಿಪ್ಪಿನಲ್ಲಿ ಮೊಣಕಾಲಷ್ಟು ನೀರು,
ನೀರಿನ ತುಂಬ ಗೊದಮೊಟ್ಟೆ.

ಕಸ ಗುಡಿಸುವ ದೆಲ್ಫಿನಾ ಊರುತಿಯಾ
ಪೊರಕೆ ಅಡ್ಡ ಹಿಡಿದು ನಿಂತಳು:
ಇವಕ್ಕೆ ಕಾಲು ಮೂಡುವವರೆಗೆ ಯಾರೂ ಮುಟ್ಟಕೂಡದು.
ಮೇಯರ್ ಬಂದ, ಬಯ್ದ, ಬಗ್ಗಿ ನೋಡಿದ, ಸುಮ್ಮನಾದ.
ಎರಡನೇ ತರಗತಿಗೆ ಶಾಲೆ ಬಿಟ್ಟವಳು
ದಿನಕ್ಕೊಂದು ಚೀಟಿ ಬರೆದು ಅಂಟಿಸಿದಳು.
'ಇವತ್ತು ಹಿಂಗಾಲು.'
'ಬಾಲ ಸಣ್ಣಗಾಗಿದೆ.'
'ಇವತ್ತು ಮೂರು ಹೋದವು, ಹೇಳದೆ.'
ನಮ್ಮ ಲೇಬಲುಗಳಲ್ಲಿ ಇವತ್ತಿಗೂ ತಿದ್ದಬೇಕಾಗಿ ಬಾರದವು
ಅವಷ್ಟೇ.

ಚಿಪ್ಪಿನ ಹೆಸರನ್ನೇ ತಿದ್ದಿದ್ದಾಯಿತು.
ರಾಜಧಾನಿಯಿಂದ ಬಂದ ಪಂಡಿತೆಯೊಬ್ಬಳು
ಅರವತ್ತು ವರ್ಷದ ತಪ್ಪನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿ
ಬೇರೆ ಹೆಸರು ಬರೆದಳು.
ಚಿಪ್ಪು ಬೇಸರಪಟ್ಟಂತೆ ಕಾಣಲಿಲ್ಲ.
ಅದೇ ವರ್ಷ ರೈಲು ನಿಂತಿತು.
ಹಳಿಯ ಮೇಲೆ ಈಗ ಮುಳ್ಳುಗಿಡ, ಬಿಲದ ಗೂಬೆಗಳು:
ಜೀವಂತ, ಬಿಟ್ಟಿ, ಟಿಕೆಟ್ಟಿಲ್ಲ.

ಹೋದ ಚಳಿಗಾಲ ರಮೋನಾಳ ಮರಿಮಗಳು
ಪಿಕಪ್ ಗಾಡಿಯಲ್ಲಿ ಆ ತೊಟ್ಟಿ ತಂದಳು.
ಮನೆ ಮಾರಿದೆವು, ಎಸೆಯಲು ಕೈ ಬರಲಿಲ್ಲ.
ಪುಸ್ತಕ ತೆರೆದೆ. ಪ್ರಾಣಿ, ಪಕ್ಷಿ, ಖನಿಜ, ಯಂತ್ರ,
ಯಾವ ಕಲಮಿಗೂ ಅದು ಒಗ್ಗಲಿಲ್ಲ.
ನಾಳೆ ಬರೆಯುತ್ತೇನೆ ಎಂದೆ. ಇನ್ನೂ ಬರೆದಿಲ್ಲ.

ಸದ್ಯಕ್ಕೆ ಅದು ಚಿಪ್ಪಿನ ಎದುರೇ ಇದೆ,
ಸೋರುವ ಮಾಡಿನ ಕೆಳಗೆ.
ಮಳೆಯ ರಾತ್ರಿ ಟಣ್ ಟಣ್ ಎನ್ನುತ್ತದಂತೆ,
ದಾರಿಯವರು ಹೇಳುತ್ತಾರೆ.
ಬೆಳಿಗ್ಗೆ ಬೀಗ ತೆಗೆದು
ಚೆಲ್ಲುವ ಮೊದಲು
ನಾನೂ ಒಮ್ಮೆ ಬಗ್ಗಿ ನೋಡುತ್ತೇನೆ.